ಆರು ಬಿಲ್ಲೆ

ಜನವರಿ 11

ಭಕ್ತಶಿರೋಮಣಿ ಭಾಮೈದನಿಗೆ,

ನಿನ್ನ ಕಕ್ಷಿದಾರನಾದ ದೇವರ ಮೇಲೆ ಹೊಸ ದೂರು ದಾಖಲಾಗಿದೆ. ಫಿರ್ಯಾದುದಾರ ನಿನ್ನ ಭಾವ, ವಯಸ್ಸು ಐವತ್ತೆರಡು, ವೃತ್ತಿ ಭಾನುವಾರದ ಪುರವಣಿಯಲ್ಲಿ ಜನರನ್ನು ನಗಿಸುವುದು, ಸದ್ಯ ಸ್ವತಃ ನಗಲಾರದ ಸ್ಥಿತಿ. ಕಾರಣ, ಬಾಯಿಯ ಬಲಭಾಗದ ಕಟ್ಟಕಡೆಯ ಹಲ್ಲು. ಅದಕ್ಕೆ ಬುದ್ಧಿಹಲ್ಲು ಎಂದು ಹೆಸರಿಟ್ಟವನು ನನ್ನ ಹಾಗೆ ಯಾರೋ ಅಂಕಣಕಾರನಿರಬೇಕು. ಇಪ್ಪತ್ತೆಂಟು ಹಲ್ಲಿಗೆ ಜಾಗವಿರುವ ದವಡೆಯಲ್ಲಿ ಮೂವತ್ತೆರಡನ್ನು ತುರುಕಿದ ಆ ಎಂಜಿನಿಯರನನ್ನು ನೀನು ಎಲ್ಲ ಬಲ್ಲವನು ಎನ್ನುತ್ತೀಯ. ನಮ್ಮ ಬೀದಿಯ ಬಡಗಿ ಹೀಗೆ ಕಪಾಟು ಮಾಡಿಕೊಟ್ಟಿದ್ದರೆ ನಿನ್ನ ಅಕ್ಕ ಅವನನ್ನು ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ.

ಇದು ಚಿಲ್ಲರೆ ದೂರು, ಒಪ್ಪಿದೆ. ದೊಡ್ಡದು ಮೊನ್ನೆಯ ಪತ್ರಿಕೆಯ ನಾಲ್ಕನೇ ಪುಟದಲ್ಲಿತ್ತು. ಶಾಲೆಯ ಗೋಡೆ ಬಿದ್ದು ಇಬ್ಬರು ಮಕ್ಕಳು ಹೋದರು. ಗೋಡೆ ನಲವತ್ತು ವರ್ಷ ನಿಂತಿತ್ತಂತೆ. ರಜೆಯ ದಿನಗಳಲ್ಲೂ ನಿಂತಿತ್ತು. ಶಾಲೆ ತೆರೆದ ಮೂರನೇ ದಿನ, ಬೆಳಿಗ್ಗೆ ಹತ್ತೂ ಹತ್ತಕ್ಕೆ, ಅದಕ್ಕೆ ಬೀಳಬೇಕೆನ್ನಿಸಿತು. ನಾನು ಆ ಪುಟ ತಿರುವಿ ನನ್ನ ಅಂಕಣಕ್ಕೆ ಹೋದೆ. ಆ ವಾರ ನಾನು ಛತ್ರಿ ಕಳೆದುಕೊಳ್ಳುವವರ ಬಗ್ಗೆ ಬರೆದಿದ್ದೆ. ಯಾಕೋ ನನಗೇ ನಗು ಬರಲಿಲ್ಲ.

ಹಾಗಾಗಿ ಹದಿನಾಲ್ಕು ವರ್ಷಗಳಿಂದ ಕೇಳುತ್ತಿರುವುದನ್ನೇ ಮತ್ತೆ ಕೇಳುತ್ತೇನೆ. ನಿನ್ನ ಕಕ್ಷಿದಾರನಿಗೆ ತಡೆಯುವ ಶಕ್ತಿ ಇಲ್ಲವೋ, ಮನಸ್ಸಿಲ್ಲವೋ, ಅಥವಾ ಕೆಳಗಿನ ಗುಮಾಸ್ತರು ಕಡತವನ್ನು ಮೇಲಕ್ಕೆ ಕಳಿಸಲೇ ಇಲ್ಲವೋ? ಶಕ್ತಿ ಇಲ್ಲದಿದ್ದರೆ ಕೈ ಮುಗಿಯುವುದೇಕೆ, ಮನಸ್ಸಿಲ್ಲದಿದ್ದರೆ ಮುಗಿಯುವುದು ಹೇಗೆ? ಉತ್ತರ ಅಂಚೆಯಲ್ಲೇ ಬರಲಿ. ಫೋನು ನಿನ್ನ ಅಕ್ಕನ ಇಲಾಖೆ. ಫೋನಿನಲ್ಲಿ ನೀನು ಮೊದಲೇ "ಊಟ ಆಯ್ತಾ ಭಾವ" ಅಂದುಬಿಡುತ್ತೀಯ, ನನ್ನ ವಾದದ ಮೊನೆ ಅಲ್ಲೇ ಮುರಿಯುತ್ತದೆ.

ದವಡೆ ಹಿಡಿದುಕೊಂಡು,
ಭಾವ


ಜನವರಿ 27

ನಾಸ್ತಿಕ ಭಾವನಿಗೆ ನಮಸ್ಕಾರ,

ಮೊದಲು ಹಲ್ಲು ಕೀಳಿಸಿ. ದೇವರ ವಿಚಾರಣೆ ಆಮೇಲೆ ಇಟ್ಟುಕೊಳ್ಳೋಣ.

ಗಾರೆಯಲ್ಲಿ ಮರಳು ಹೆಚ್ಚು ಹಾಕಿದವನ ತಪ್ಪನ್ನು ನನ್ನ ಕಕ್ಷಿದಾರನ ತಲೆಗೆ ಕಟ್ಟಬೇಡಿ ಎಂದು ನಾನು ಬರೆಯಬಹುದಿತ್ತು. ಆದರೆ ಕಾರ್ಯಾಗಾರದಲ್ಲಿ ನನ್ನ ಬೆಂಚಿಗೆ ಬರುವವರಲ್ಲಿ ಅರ್ಧ ಜನರ ಕಾಲು ಯಾರ ತಪ್ಪೂ ಇಲ್ಲದೆ ಹೋಗಿರುತ್ತದೆ. ಮೂಳೆಯಲ್ಲಿ ಗಡ್ಡೆ ಬೆಳೆದರೆ ಯಾವ ಮೇಸ್ತ್ರಿಯನ್ನು ಹಿಡಿಯಲಿ?

ಅದಕ್ಕೆ ಈ ಸಲ ವಾದ ಬಿಟ್ಟು ಕೆಲಸ ಹೇಳುತ್ತೇನೆ. ದೊಡ್ಡವರಿಗೆ ಕೃತಕ ಕಾಲು ಮಾಡುವುದು ಸುಲಭ. ಅಳತೆ ತೆಗೆದ ದಿನ ಎಷ್ಟೋ ಅಷ್ಟೇ. ಮಕ್ಕಳದ್ದು ಹಾಗಲ್ಲ, ಅವರ ಕಾಲು ಬೆಳೆಯುತ್ತದೆ, ನಾನು ಮಾಡಿದ ಕಾಲು ಬೆಳೆಯುವುದಿಲ್ಲ. ಆದ್ದರಿಂದ ಮೊಣಕಾಲಿನ ಕೆಳಗಿನ ಕೊಳವೆಯನ್ನು ಎರಡು ತುಂಡು ಮಾಡಿ, ನಡುವೆ ಬಿಚ್ಚಿ ಜೋಡಿಸುವ ಹಾಗೆ ಒಂದು ಕೀಲು ಇಡುತ್ತೇನೆ. ಜೊತೆಗೆ ಅಲ್ಯೂಮಿನಿಯಂ ಬಿಲ್ಲೆಗಳು, ಬೆರಳಿನ ಅರ್ಧ ದಪ್ಪ. ಅವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ತಾಯಿಯ ಕೈಗೆ ಕೊಡುತ್ತೇನೆ. ಆರು ತಿಂಗಳಿಗೆ ಒಂದರ ಹಾಗೆ ಮನೆಯಲ್ಲೇ ಸೇರಿಸಿಕೊಳ್ಳಬೇಕು, ಒಂದು ಸ್ಪ್ಯಾನರ್ ಸಾಕು. ದೂರದಿಂದ ಬರುವವರು ಪದೇಪದೇ ಬರಲಾರರು ನೋಡಿ. ರೂಢಿಗೆ ನಾಲ್ಕು ಬಿಲ್ಲೆ.

ಕೊಡುವಾಗ ಈ ಮಗು ಬೆಳೆಯುತ್ತದೆ ಎಂದು ಒಪ್ಪಿಕೊಂಡೇ ಕೊಡುತ್ತೇನೆ. ಬೆಳೆಸುವವನು ಒಬ್ಬನಿದ್ದಾನೆ, ಬಿಲ್ಲೆ ಕತ್ತರಿಸುವುದು ನನ್ನ ಪಾಲು. ನಂಬಿಕೆ ಎಂದರೆ ನನಗೆ ಇಷ್ಟೇ. ಇದಕ್ಕಿಂತ ದೊಡ್ಡದು ನನ್ನ ತಲೆಯಲ್ಲಿ ಹಿಡಿಸುವುದಿಲ್ಲ.

ಎರಡು ತಿಂಗಳ ಹಿಂದೆ ಒಬ್ಬಳಿಗೆ ಆರು ಕೊಟ್ಟೆ. ಯಾಕೆಂದು ಕೇಳಬೇಡಿ.

ಅಕ್ಕನ ಕೆಮ್ಮು ಹೇಗಿದೆ?

ನಿಮ್ಮ,
ಭಾಮೈದ


ಫೆಬ್ರವರಿ 9

ಘನ ವಕೀಲರೇ,

ಹಲ್ಲು ಹೋಯಿತು. ಬುದ್ಧಿ ಇದ್ದ ಜಾಗದಲ್ಲಿ ಈಗ ಹತ್ತಿ ಇದೆ. ನಿನ್ನ ಅಕ್ಕನ ಕೆಮ್ಮು ಕಡಿಮೆ, ನನ್ನ ಮಾತು ಕಡಿಮೆ, ಮನೆಯಲ್ಲಿ ಎರಡಕ್ಕೂ ಸಂತೋಷ.

ನಿನ್ನ ಬಿಲ್ಲೆ ಪ್ರಕರಣವನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಬೆಳೆಸುವವನು ಅವನು ಎನ್ನುತ್ತೀಯ. ಕಿತ್ತುಕೊಂಡವನು ಯಾರು? ಒಂದು ಕೈಯಿಂದ ಮಗುವಿನ ಒಂದು ಕಾಲು ಕಿತ್ತುಕೊಂಡು, ಇನ್ನೊಂದು ಕೈಯಿಂದ ಉಳಿದ ಕಾಲನ್ನು ಬೆಳೆಸಿ, ನಡುವಿನ ವ್ಯತ್ಯಾಸ ತುಂಬಲು ನನ್ನ ಭಾಮೈದನನ್ನು ನೇಮಿಸಿಕೊಂಡಿದ್ದಾನೆ. ಇಂಥ ಆಡಳಿತ ನಮ್ಮ ನಗರಸಭೆಯಲ್ಲೂ ನೋಡಿಲ್ಲ. ಅಲ್ಲಿ ಕನಿಷ್ಠ ರಸ್ತೆ ಅಗೆಯುವವರೂ ಮುಚ್ಚುವವರೂ ಬೇರೆ ಬೇರೆ.

ಒಬ್ಬಳಿಗೆ ಆರು ಯಾಕೆ? ಕೇಳಬೇಡಿ ಎಂದಿದ್ದೀಯ, ಆದ್ದರಿಂದ ಕೇಳುತ್ತಿದ್ದೇನೆ. ಎತ್ತರದ ವಂಶವೇ? ಅಥವಾ ತಾಯಿ ನೋಡಲು ಲಕ್ಷಣವಾಗಿದ್ದಳೇ? ಮದುವೆಯಾಗದೆ ನಲವತ್ತೊಂದು ದಾಟಿದ ಗಂಡಸರ ಉದಾರತೆ ಬಗ್ಗೆ ನಿನ್ನ ಅಕ್ಕನ ಬಳಿ ಒಂದು ಸಿದ್ಧಾಂತವಿದೆ. ಬೇಕಾದರೆ ಕಳಿಸಿಕೊಡುತ್ತೇನೆ.

ಭಾವ


ಮಾರ್ಚ್ 30

ಭಾವನಿಗೆ,

ನೀವು ಗೆದ್ದಿರಿ. ಕಕ್ಷಿದಾರನ ವಕಾಲತ್ತು ಬಿಟ್ಟಿದ್ದೇನೆ. ಶಕ್ತಿ ಇಲ್ಲವೋ ಮನಸ್ಸಿಲ್ಲವೋ ಎಂದು ಕೇಳುತ್ತಿದ್ದಿರಿ. ಯಾವುದಾದರೂ ಒಂದೇ.

ಅಕ್ಕನಿಗೆ ಹೇಳಬೇಡಿ, ಸುಮ್ಮನೆ ಗಾಬರಿಯಾಗುತ್ತಾಳೆ.


ಏಪ್ರಿಲ್ 14

ಮಾಜಿ ಭಕ್ತಶಿರೋಮಣಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ನಿಂತುಕೊಂಡು, ಎರಡನೇ ಸಲ ನಡೆದಾಡುತ್ತ, ಮೂರನೇ ಸಲ ನಿನ್ನ ಅಕ್ಕ ಬಚ್ಚಲಿನಲ್ಲಿದ್ದಾಗ ಗಟ್ಟಿಯಾಗಿ. ಹದಿನಾಲ್ಕು ವರ್ಷ. ಈ ಅವಧಿಯಲ್ಲಿ ಜನ ಮಕ್ಕಳನ್ನು ಹೆತ್ತು ಹೈಸ್ಕೂಲಿಗೆ ಸೇರಿಸುತ್ತಾರೆ, ನಾನು ಒಬ್ಬನೇ ಒಬ್ಬ ಆಸ್ತಿಕನನ್ನು ಕರಗಿಸಿದೆ.

ಇದನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಲೋಕಕ್ಕೆ ದ್ರೋಹ. ಈ ತಿಂಗಳ ಮೊದಲ ಭಾನುವಾರ 'ಒಬ್ಬ ವಕೀಲರ ಶರಣಾಗತಿ' ಎಂದು ಬರೆದೆ. ನಿನ್ನ ಹೆಸರಿಲ್ಲ, ಗಾಬರಿ ಬೇಡ. 'ಕಾಲು ಮಾಡುವ ನಮ್ಮ ಭಕ್ತರು' ಎಂದಷ್ಟೇ ಇದೆ. ಓದುಗರಿಂದ ಮೂವತ್ತೊಂದು ಕಾಗದ ಬಂದಿವೆ. ಒಬ್ಬರು ಬಿದ್ದು ಬಿದ್ದು ನಕ್ಕರಂತೆ. ಇನ್ನೊಬ್ಬರು ನನಗೆ ನರಕವೇ ಗತಿ ಎಂದಿದ್ದಾರೆ, ಆದರೆ ಅಕ್ಷರ ಮುದ್ದಾಗಿದೆ.

ನಿಜ ಹೇಳಬೇಕೆಂದರೆ ನೀನು ಇಷ್ಟು ಬೇಗ ಸೋಲಬಾರದಿತ್ತು. ಎರಡೇ ಸಾಲು. ಗೆದ್ದ ಮೇಲೆ ಏನು ಮಾಡಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಭಾನುವಾರ ಸಂಜೆ ಅಭ್ಯಾಸಬಲದಿಂದ ನಿನಗೊಂದು ಹೊಸ ದೂರು ಬರೆಯಲು ಕೂತೆ, ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ನಿನ್ನ ಅಕ್ಕ ಅಂಕಣ ಓದಿದಳು. ಗಾಬರಿಯಾಗಲಿಲ್ಲ. ಪತ್ರಿಕೆಯನ್ನು ಮಡಚಿ, ಮಡಚಿದ್ದನ್ನು ಮತ್ತೆ ಮಡಚಿ, "ಏನಾಗಿದೆ ಅವನಿಗೆ?" ಅಂದಳು. "ಬುದ್ಧಿ ಬಂದಿದೆ" ಅಂದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ತಟ್ಟೆ ಲೋಟಗಳು ಮಾತ್ರ ಮಾತಾಡುತ್ತಿವೆ.

ವಿಜಯಿ,
ಭಾವ


ಮೇ 2

ಭಾಮೈದ,

ಮೂರು ವಾರವಾಗುತ್ತ ಬಂತು, ನಿನ್ನಿಂದ ಒಂದು ಬೈಗುಳವೂ ಬರಲಿಲ್ಲ.

ನಿನ್ನ ಅಕ್ಕ ಫೋನು ಮಾಡಿದಳು. ನಿನಗಲ್ಲ, ನೀನು ಎತ್ತುವುದಿಲ್ಲವಂತೆ. ನಿಮ್ಮ ಕಾರ್ಯಾಗಾರದಲ್ಲಿ ಬೆಲ್ಟು ಹೊಲಿಯುವ ಯಜಮಾನರಿಗೆ. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ, ನೇರವಾಗಿ ಕೇಳುವ ಸಂಬಂಧ ನಮ್ಮಿಬ್ಬರ ನಡುವೆ ಸದ್ಯ ಇಲ್ಲ. ಮಾರ್ಚ್‌ನಿಂದ ನೀನು ಒಂದೇ ಒಂದು ಬಿಲ್ಲೆ ಕೊಟ್ಟಿಲ್ಲವಂತೆ. ಕೀಲನ್ನೂ ಇಡುತ್ತಿಲ್ಲವಂತೆ. ಮಕ್ಕಳ ಕಾಲನ್ನು ಅವತ್ತಿನ ಅಳತೆಗೆ ಬಿಗಿದು ಕಳಿಸುತ್ತೀಯಂತೆ. ಯಾರಾದರೂ ಕೇಳಿದರೆ "ಇವತ್ತಿನ ಅಳತೆ ಇವತ್ತಿಗೆ" ಎನ್ನುತ್ತೀಯಂತೆ. ಜೂನ್ ಕೊನೆಗೆ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟಿದ್ದೀಯಂತೆ.

ನೋಡು, ನನ್ನ ವಾದವನ್ನು ಈವರೆಗೆ ಯಾರೂ ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದಿಲ್ಲ. ನನಗೆ ಅಭ್ಯಾಸವಿಲ್ಲ. ನಾನು ದೇವರನ್ನು ಬೈದದ್ದು ನೀನು ಕಾಲು ಮಾಡುವುದನ್ನು ಬಿಡಲಿ ಎಂದಲ್ಲ. ಆದ್ದರಿಂದ ಪ್ರಕರಣವನ್ನು ಮತ್ತೆ ತೆರೆಯುತ್ತಿದ್ದೇನೆ, ಈ ಸಲ ಆಚೆ ಕಡೆಯಿಂದ.

ವಾದ: ಕೆಡುಕು ಎಂಬುದು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟದ್ದರ ಫಲ. (ಇದು ಎಂಟು ವರ್ಷದ ಹಿಂದೆ ನೀನು ಬರೆದದ್ದು. ನಾನು ಅದನ್ನು ಹೇಗೆ ಹರಿದುಹಾಕಿದ್ದೆ ಎಂಬುದನ್ನು ದಯವಿಟ್ಟು ಮರೆತುಬಿಡು.) ಇನ್ನೊಂದು: ನಾವು ನೋಡುತ್ತಿರುವುದು ಕಸೂತಿಯ ಹಿಂಬದಿ, ಗಂಟು ಮಾತ್ರ ಕಾಣುತ್ತದೆ. (ಇದೂ ನಿನ್ನದೇ. ಮುಂಬದಿಯನ್ನು ಯಾರು ನೋಡಿದ್ದಾರೆ ಎಂದು ಕೇಳಿದ್ದೆ. ಕೇಳಬಾರದಿತ್ತು.) ನಿನ್ನ ಹಳೆಯ ಕಾಗದಗಳ ಪೆಟ್ಟಿಗೆ ನೆಲದ ಮೇಲೆ ಸುರಿದುಕೊಂಡು ಕೂತಿದ್ದೇನೆ. ನಿನ್ನದೇ ಸರಕನ್ನು ನಿನಗೇ ಮಾರುತ್ತಿದ್ದೇನೆ. ಒಂದಾದರೂ ಕೊಂಡುಕೋ.

ಆ ಒಬ್ಬಳಿಗೆ ಆರು ಯಾಕೆ ಕೊಟ್ಟೆ? ಈ ಸಲ ತಮಾಷೆಗೆ ಕೇಳುತ್ತಿಲ್ಲ.

ಭಾವ


ಮೇ 13

ಭಾವ,

ನನ್ನ ವಾದಗಳನ್ನು ಓದಿದೆ. ಬರೆದವನು ಎಂಥ ಆರಾಮದ ಮನುಷ್ಯ ಅನ್ನಿಸಿತು.

ಅವಳಿಗೆ ಏಳು ವರ್ಷ. ಮೂಳೆಯ ಗಡ್ಡೆಗೆ ಎಡಗಾಲು ತೆಗೆದಿದ್ದರು. ಡಾಕ್ಟರು ನಮಗೆ ಕಳಿಸುವ ಚೀಟಿಯ ಮೂಲೆಯಲ್ಲಿ ಕೆಲವು ಸಲ ಒಂದು ಗುರುತು ಇರುತ್ತದೆ. ಮನೆಯವರಿಗೆ ಅದು ಗೊತ್ತಾಗುವುದಿಲ್ಲ. ಹಗುರವಾದ ಕಾಲು ಮಾಡಿ, ಬಿಲ್ಲೆ ಬೇಡ ಎಂದು ಅದರ ಅರ್ಥ. ಗಡ್ಡೆ ಶ್ವಾಸಕೋಶಕ್ಕೆ ಹೋಗಿತ್ತು. ಹುಡುಗಿಗೆ ನಡೆಯುವ ಆಸೆ, ಇರುವಷ್ಟು ದಿನ ನಡೆಯಲಿ ಎಂದು ಕಳಿಸಿದ್ದರು.

ಅಳತೆ ತೆಗೆಯುವಾಗ ನನ್ನನ್ನು ಗದರಿಸಿದಳು. "ನಿಮ್ಮ ಕೈ ತಣ್ಣಗಿದೆ, ಉಜ್ಕೊಳ್ಳಿ." ಉಜ್ಜಿಕೊಂಡೆ. "ಇನ್ನೂ" ಅಂದಳು. ಗುರುತು ನೋಡಿಯೂ ನಾನು ಕೀಲು ಇಟ್ಟೆ. ರೂಢಿಯ ನಾಲ್ಕಲ್ಲ, ಆರು ಬಿಲ್ಲೆ ಕತ್ತರಿಸಿದೆ. ಅದು ತಾಯಿಗೆಂದು ಮಾಡಿದ್ದಲ್ಲ ಭಾವ. ಮೇಲಿನವನಿಗೆ. ನನ್ನ ಪಾಲಿನದನ್ನು ಮುಂಚಿತವಾಗಿ ಮುಗಿಸಿದ್ದೇನೆ, ಇನ್ನು ನಿನ್ನದು ನೋಡೋಣ ಅಂತ. ಇಪ್ಪತ್ತು ವರ್ಷದಲ್ಲಿ ಅವನ ಹತ್ತಿರ ನಾನು ಕೇಳಿದ್ದು ಅದೊಂದೇ.

ತಾಯಿ ಚೀಲ ಬಿಚ್ಚಿ ಎಣಿಸಿದಳು. "ಆರಾ?" ಅಂದಳು. "ಆರು" ಅಂದೆ. "ಆರು ತಿಂಗಳಿಗೆ ಒಂದು ಅಂದ್ರಲ್ಲ." "ಹೌದು." ಇಷ್ಟೇ ಮಾತು. ಡಾಕ್ಟರು ಅವಳಿಗೆ ಏನು ಹೇಳಿದ್ದರೋ, ಅವಳು ಅದನ್ನು ಬಿಟ್ಟು ನನ್ನ ಚೀಲವನ್ನು ನಂಬಿದಳು. ಕಾಲು ಮಾಡುವವನಿಗೆ ಗೊತ್ತಿಲ್ಲದೆ ಇರುತ್ತದೆಯೇ, ಮೂರು ವರ್ಷಕ್ಕಾಗುವಷ್ಟು ಇಟ್ಟಿದ್ದಾನೆ ಎಂದು. ಹುಡುಗಿಯ ಅಪ್ಪನಿಗೆ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ರಜೆ ಹಾಕಿ ಬರುತ್ತೇನೆ ಎಂದಿದ್ದನಂತೆ. ಇವಳು ಬೇಡ ಎಂದಳು. ಈಗ ಬಂದರೆ ಹತ್ತು ದಿನ, ಮೇ ತಿಂಗಳಲ್ಲಿ ಬಂದರೆ ಎರಡು ತಿಂಗಳು ಮಗಳ ಜೊತೆ ಇರಬಹುದಲ್ಲ ಎಂದು.

ಮಾರ್ಚ್ ಒಂಬತ್ತಕ್ಕೆ ಮಗು ಹೋಯಿತು. ಅಪ್ಪ ಸಮುದ್ರದ ನಡುವೆ ಇದ್ದ.

ತಾಯಿ ಕಾಲನ್ನೂ ಚೀಲವನ್ನೂ ತಂದು ನನ್ನ ಬೆಂಚಿನ ಮೇಲಿಟ್ಟಳು. ಅವತ್ತು ಎಣಿಸಿ ಕಟ್ಟಿದ ಗಂಟು ಹಾಗೇ ಇತ್ತು. ಬೈಯಲಿಲ್ಲ. "ಆರು ಕೊಟ್ಟಿದ್ರಲ್ಲ" ಅಂದಳು. ಆಮೇಲೆ "ಬೇರೆ ಯಾರಿಗಾದ್ರೂ ಆಗುತ್ತೆ, ಇಟ್ಕೊಳ್ಳಿ" ಅಂದಳು.

ಅಪ್ಪ ಈಗ ಬಂದಿದ್ದಾನೆ. ಹೆಂಡತಿಯ ಜೊತೆ ಮಾತು ಬಿಟ್ಟಿದ್ದಾನಂತೆ, ಬರಬೇಡ ಅಂದವಳು ಅವಳಲ್ಲವೇ.

ಮೇಲಿನವನು ಇದ್ದಾನೆಂದರೆ, ನನ್ನ ಸವಾಲಿಗೆ ಆ ಮಗುವಿನಿಂದ ಉತ್ತರ ಕೊಟ್ಟ. ಇಲ್ಲವೆಂದರೆ, ಖಾಲಿ ಜಾಗದ ಜೊತೆ ಮಾತಾಡುತ್ತ ನಾನು ಒಬ್ಬ ಅಪ್ಪನನ್ನು ಮಗಳಿಂದ ದೂರ ಇಟ್ಟೆ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು, ನಿಮ್ಮ ಓದುಗರನ್ನು ಕೇಳಿ ನೋಡಿ. ಅಂಕಣ ಓದಿದೆ. ಬೆಲ್ಟಿನ ಯಜಮಾನರು ತಂದು ತೋರಿಸಿದರು. ಭಾಷೆ ಚೆನ್ನಾಗಿದೆ.


ಮೇ 21

ಭಾಮೈದನಿಗೆ,

ಇದು ಐದನೇ ಕಾಗದ. ನಾಲ್ಕು ಬುಟ್ಟಿಯಲ್ಲಿವೆ. ಮೊದಲನೆಯದರಲ್ಲಿ ದೇವರ ಪರ ವಾದಿಸಿದ್ದೆ, ಎರಡನೆಯದರಲ್ಲಿ ವಿರುದ್ಧ. ಮೂರನೆಯದರಲ್ಲಿ ನಿನ್ನ ಕ್ಷಮೆ ಕೇಳಿದ್ದೆ. ಓದಿ ನೋಡಿದರೆ ಅದು ತಮಾಷೆಯಾಗಿ ಬಂದಿತ್ತು, ಕೈಗೆ ಚಟ ಹಿಡಿದುಬಿಟ್ಟಿದೆ. ನಾಲ್ಕನೆಯದನ್ನು ನಿನ್ನ ಅಕ್ಕನಿಗೆ ತೋರಿಸಿದೆ, ನಿನ್ನ ಕಾಗದದ ಜೊತೆಗೆ. ಎರಡನ್ನೂ ಓದಿ, ಆರೂವರೆ ವಾರದ ನಂತರ ಮೊದಲ ಸಲ ನನಗೆ ಒಂದು ಪೂರ್ತಿ ವಾಕ್ಯ ಹೇಳಿದಳು. "ಅವನಿಗೆ ದೇವರ ಬಗ್ಗೆ ಬರೀಬೇಡಿ."

ಬರೆಯುವುದಿಲ್ಲ, ಒಂದು ವಿಷಯ ಬಿಟ್ಟು. ಮೊನ್ನೆ ಬಸ್ಸಿನಲ್ಲಿ ಕೂತು ನಿನಗಾಗಿ ಪ್ರಾರ್ಥನೆ ಮಾಡಲು ಹೋದೆ. ಏನೆಂದು ಸಂಬೋಧಿಸುವುದೋ ತಿಳಿಯಲಿಲ್ಲ. ಹದಿನಾಲ್ಕು ವರ್ಷ ಬೈದವನಿಗೆ ಏಕಾಏಕಿ 'ಮಾನ್ಯರೇ' ಅನ್ನಲಾದೀತೆ? ಅಷ್ಟರಲ್ಲಿ ಕಂಡಕ್ಟರು ಬಂದು "ಎಲ್ಲಿಗೆ?" ಅಂದ. ಬಾಯಿಗೆ ಬಂದದ್ದು ಕೊನೆಯ ನಿಲ್ದಾಣದ ಹೆಸರು. ಅಲ್ಲಿಂದ ಮನೆಗೆ ನಡೆದುಕೊಂಡು ಬಂದೆ.

ನಿನ್ನ ಪ್ರಶ್ನೆಯನ್ನು ನನ್ನ ಓದುಗರ ಮುಂದೆ ಇಡುವುದಿಲ್ಲ. ಆದರೆ ನೀನು ಒಂದೇ ಸಾಲಿನಲ್ಲಿ ಹೇಳಿ ದಾಟಿಹೋದ ಮಾತೊಂದಿದೆ. ಆ ಅಪ್ಪ ಹೆಂಡತಿಯ ಜೊತೆ ಮಾತು ಬಿಟ್ಟಿದ್ದಾನೆ. ಚೀಟಿಯ ಮೂಲೆಯ ಗುರುತು ಅವನಿಗೆ ಗೊತ್ತೇ? ಆರು ಬಿಲ್ಲೆ ಯಾಕೆ ಬಂದವು ಎಂದು ಗೊತ್ತೇ? ಗಡ್ಡೆ ಬೆಳೆಸಿದವರು ಯಾರೆಂಬ ವಿಚಾರಣೆ ನಾವಿಬ್ಬರೂ ಹೋದ ಮೇಲೂ ನಡೆಯುತ್ತಿರುತ್ತದೆ. ಈ ಒಂದು ತಪ್ಪು ಯಾರದೆಂದು ಮಾತ್ರ ಖಚಿತವಾಗಿ ಗೊತ್ತಿದೆ, ಅದು ಈಗ ಆ ಹೆಂಗಸಿನ ತಲೆಯ ಮೇಲೆ ಕೂತಿದೆ. ಹೋಗಿ ಇಳಿಸು.

ಕೆಲಸ ಬಿಡುವುದಾದರೆ ಬಿಡು, ನಮ್ಮಲ್ಲಿ ಒಂದು ಕೋಣೆ ಖಾಲಿ ಇದೆ. ಆದರೆ ಇದನ್ನು ಮಾಡದೆ ಬರಬೇಡ. ಶಕ್ತಿ ಇದ್ದೂ ಮನಸ್ಸು ಮಾಡದವನ ಬಗ್ಗೆ ನಾನು ಏನೇನು ಬರೆದಿದ್ದೇನೆಂದು ನಿನಗೆ ಬಾಯಿಪಾಠ.

ಕಳೆದ ಭಾನುವಾರ ನಾನು ಅಂಕಣ ಬರೆಯಲಿಲ್ಲ. ಆ ಜಾಗದಲ್ಲಿ ಸಂಪಾದಕರು ತುರಿಕೆ ಮುಲಾಮಿನ ಜಾಹೀರಾತು ಹಾಕಿದರು. ಈ ಸಲದ್ದು ಚೆನ್ನಾಗಿದೆ ಎಂದು ಮೂವರು ಬರೆದಿದ್ದಾರೆ.

ಭಾವ


ಜೂನ್ 24

ಭಾವನಿಗೆ ನಮಸ್ಕಾರ,

ಹೋಗಿದ್ದೆ. ಮೂರು ಸಲ ಬೀದಿಯ ತುದಿಯಿಂದ ವಾಪಸ್ ಬಂದು, ನಾಲ್ಕನೇ ಸಲ. ಎರಡನೇ ಮಹಡಿ. ಬಾಗಿಲ ಹೊರಗೆ ಇನ್ನೂ ಚಿಕ್ಕ ಶೂಗಳಿದ್ದವು. ಬಲಗಾಲಿನದು ಸವೆದಿತ್ತು, ಎಡಗಾಲಿನದು ಹೊಸದರ ಹಾಗಿತ್ತು.

ಅಪ್ಪ ಬಾಗಿಲು ತೆರೆದ. ಕೂತರೆ ಹೇಳಲಾರೆ ಅನ್ನಿಸಿ ನಿಂತಲ್ಲೇ ಎಲ್ಲ ಹೇಳಿದೆ, ಚೀಟಿಯ ಗುರುತು, ಗೊತ್ತಿದ್ದೂ ಕೊಟ್ಟದ್ದು, ಯಾರ ಜೊತೆಗಿನ ಪಂತಕ್ಕೆ ಕೊಟ್ಟೆ ಎಂಬುದು. ತಾಯಿ ಒಳಬಾಗಿಲಲ್ಲಿ ನಿಂತಿದ್ದಳು. ಹೊಡೆಯುತ್ತಾನೆ ಅಂದುಕೊಂಡಿದ್ದೆ, ಹೊಡೆದಿದ್ದರೆ ಸುಲಭವಿತ್ತು. ನನ್ನ ಕೈಯಲ್ಲಿದ್ದ ಚೀಲದ ಕಡೆ ಬೆರಳು ಮಾಡಿ "ಅದನ್ನ ಹಾಕೋದು ಹೇಗೆ?" ಅಂದ. ಎಂಜಿನ್ ಕೋಣೆಯ ಮನುಷ್ಯ. ಕಾಲು, ಚೀಲ ಎರಡೂ ಒಯ್ದಿದ್ದೆ. ಕೀಲು ಬಿಚ್ಚಿ ತೋರಿಸಿದೆ. ಅವನೇ ಸ್ಪ್ಯಾನರ್ ತೆಗೆದುಕೊಂಡು ಒಂದೊಂದಾಗಿ ಆರನ್ನೂ ಹಾಕಿ ಬಿಗಿದ. ಕಾಲನ್ನು ನೆಲದ ಮೇಲೆ ನಿಲ್ಲಿಸಿ, "ಕಾಲು ಇಷ್ಟುದ್ದ ಆಗಿದ್ರೆ ತಲೆ ಎಲ್ಲಿಗೆ ಬರ್ತಿತ್ತು?" ಅಂದ. ನಮ್ಮ ಕೆಲಸದಲ್ಲಿ ಅದು ಗೊತ್ತಾಗುತ್ತದೆ ಭಾವ. ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದೆ. ಆ ಜಾಗವನ್ನೇ ನೋಡುತ್ತ ನಿಂತ. ಆಮೇಲೆ ತಿರುಗದೆ, ಹೆಂಡತಿಗೆ "ಬಾ ಇಲ್ಲಿ" ಅಂದ. ಅವಳು ಬಂದಳು. ನಾನು ಹೊರಟುಬಂದೆ. ಕ್ಷಮಿಸಿದ್ದೇವೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಇದರಿಂದ ನನಗೆ ಸಮಾಧಾನವಾಯಿತು ಎಂದು ಎಲ್ಲೂ ಬರೆಯಬೇಡಿ. ಆಗಿಲ್ಲ. ಮೇಲಿನವನ ಜೊತೆ ಮಾತು ಬಿಟ್ಟಿದ್ದೇನೆ. ಇಲ್ಲದವನ ಜೊತೆ ಮಾತು ಬಿಡುವುದು ಹೇಗೆ ಎಂದು ನೀವು ಕೇಳುತ್ತೀರಿ. ನನಗೂ ಗೊತ್ತಿಲ್ಲ, ಆದರೆ ಬಿಟ್ಟಿದ್ದೇನೆ.

ನಿನ್ನೆ ಆರು ವರ್ಷದ ಒಂದು ಹುಡುಗಿ ಬಂದಿದ್ದಳು, ಲಾರಿ ಹಿಂದಕ್ಕೆ ಬಂದು ಕಾಲು ಹೋದವಳು. ಮಾರ್ಚ್ ಕೊನೆಯಲ್ಲಿ ಅವತ್ತಿನ ಅಳತೆಗೆ ಬಿಗಿದು ಕೊಟ್ಟಿದ್ದೆ. ಒಂದು ಕಡೆ ವಾಲಿಕೊಂಡು ಬಂದು ಬೆಂಚಿನ ಮುಂದೆ ನಿಂತಳು.

"ನೀವು ಕೊಟ್ಟ ಕಾಲು ಗಿಡ್ಡ ಆಗಿದೆ."

"ಕಾಲು ಗಿಡ್ಡ ಆಗಿಲ್ಲಮ್ಮ, ನೀನು ಉದ್ದ ಆಗಿದ್ದೀಯ."

"ಅದು ನನ್ನ ತಪ್ಪಾ?"

"ಅಲ್ಲ."

"ಮತ್ತೆ ಯಾರದು?"

ಹದಿನಾಲ್ಕು ವರ್ಷದಿಂದ ನೀವು ಕೇಳುತ್ತ ಬಂದದ್ದೂ ಇದನ್ನೇ. "ನನ್ನದು" ಅಂದೆ. "ಹಂಗಾದ್ರೆ ಸರಿ ಮಾಡಿ" ಅಂದು ಸ್ಟೂಲು ಎಳೆದುಕೊಂಡು ಕೂತಳು.

ಕೀಲೇ ಇಲ್ಲದ ಕಾಲು. ಕೊಳವೆ ಕೊಯ್ದು ಹೊಸದು ಕೂಡಿಸಲು ಇಡೀ ದಿನ ಹಿಡಿಯಿತು. ಅವಳು ಪಕ್ಕದಲ್ಲಿ ಕೂತು ಮೇಲ್ವಿಚಾರಣೆ ಮಾಡಿದಳು. ಮಾರ್ಚ್‌ನಿಂದ ಇಂಥ ಕಾಲು ಹನ್ನೊಂದು ಹೋಗಿವೆ. ಬೆಲ್ಟಿನ ಯಜಮಾನರು, "ನೀನು ಕಟ್ಟಿಟ್ಟಿರೋದನ್ನ ನಾನಂತೂ ಬಿಚ್ಚಲ್ಲಪ್ಪ, ಹನ್ನೊಂದೂ ನಿನ್ನನ್ನೇ ಹುಡುಕ್ಕೊಂಡು ಬರ್ತವೆ" ಅಂದರು. ಮಧ್ಯಾಹ್ನ ಕಚೇರಿಗೆ ಹೋಗಿ, ಬರೆದುಕೊಟ್ಟಿದ್ದ ಕಾಗದ ವಾಪಸ್ ಕೇಳಿದೆ. "ಇನ್ನೆಷ್ಟು ದಿನ ಇರ್ತೀರಾ?" ಅಂದರು. ಈ ಹನ್ನೊಂದು ಮಕ್ಕಳು ಬೆಳೆಯೋದು ನಿಲ್ಲಿಸೋವರೆಗೆ ಅಂದೆ. ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಹುಡುಗಿಗೆ ಈಗ ಕೀಲು ಇಟ್ಟಿದ್ದೇನೆ. ಬಿಲ್ಲೆ ಕೊಡಲು ಕೈ ಬರಲಿಲ್ಲ. ನನ್ನ ಹತ್ತಿರವೇ ಇರಲಿ, ಬಂದಾಗ ನಾನೇ ಹಾಕುತ್ತೇನೆ ಎಂದೆ. ಆಗ ಅವಳ ತಾಯಿ ಚೀಟಿ ಮುಂದೆ ಹಿಡಿದು, "ಮುಂದಿನ ಸಲ ಯಾವತ್ತು ಬರ್ಲಿ?" ಅಂದಳು. ಮಾರ್ಚ್‌ನಿಂದ ನಾನು ಯಾರಿಗೂ ಮುಂದಿನ ದಿನ ಹೇಳಿಲ್ಲ. ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಹಿಂದೆ ನಿಂತವರು ಕೆಮ್ಮಿದರು. ಹುಡುಗಿ ಬಾಗಿಲವರೆಗೆ ನಡೆದು ಹೋಗಿ ಬಂದಳು, ಮತ್ತೆ ಹೋದಳು, ಅಲ್ಲಿಂದಲೇ "ಅಮ್ಮಾ, ಬಸ್ಸು" ಅಂದಳು.

ಅಕ್ಟೋಬರ್ 4 ಎಂದು ಬರೆದು ಸಹಿ ಹಾಕಿದೆ.

ಅವರು ಹೋದ ಮೇಲೆ ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ ಎಣಿಸಿದೆ. ನಿನ್ನೆ ನೂರಾ ಮೂರು ದಿನ ಇತ್ತು. ಇವತ್ತು ನೂರಾ ಎರಡು.

ನಿಮ್ಮ,
ಭಾಮೈದ